ಒಂದು ದಿನದ ಬಿಡುಗಡೆ

ಜುಲೈ ೯, ಬುಧವಾರ

ಪ್ರೀತಿಯ ಗಿಟಾರಪ್ಪನಿಗೆ,

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ನೀನೂ ಹಾಗೇ ಇದ್ದೀಯೆಂದು ಅಂದುಕೊಂಡಿದ್ದೇನೆ, ಕೇಳಿದರೂ ನೀನು ಬೇರೇನೂ ಹೇಳುವವನಲ್ಲ. ಹಾಡಿನ ಕಂಪನಿಯ ಸಭೆ ಮುಗಿದ ದಿನವೇ ಬರೆಯುತ್ತೇನೆಂದು ಮಾತು ಕೊಟ್ಟವಳು ಎರಡು ವಾರ ಸುಮ್ಮನಿದ್ದೆ, ತಪ್ಪು ತಿಳಿಯಬೇಡ. ಅಂಗಡಿಯಲ್ಲಿ ಕಾಗದ ಹಿಡಿದು ಕೂತಾಗಲೆಲ್ಲ ಯಾರಾದರೊಬ್ಬರು ಇಸ್ತ್ರಿ ಬಟ್ಟೆ ಕೇಳಿಕೊಂಡು ಬರುತ್ತಿದ್ದರು. ಫೋನು ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ" ಅನ್ನುತ್ತೀಯ. ಕಾಗದಕ್ಕೆ ಹೂಂಗುಟ್ಟಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಮ್ಮನ ಮಂಡಿನೋವು ಎಷ್ಟೋ ವಾಸಿ. ಮೆಟ್ಟಿಲಿಳಿದು ಕೆಳಗಿನ ದರ್ಜಿಯ ಅಂಗಡಿಯವರೆಗೆ ಹೋಗಿ, ಅವನ ಕೆಲಸ ಕೆಡಿಸಿ ಬರುತ್ತಾರೆ. ದಿನಕ್ಕೊಮ್ಮೆಯಾದರೂ, "ಅವನು ಯಾವಾಗ ಬರ್ತಾನಂತೆ?" ಎನ್ನುತ್ತಾರೆ. ನೀನು ಹೋಗುವಾಗ ಹೇಳಿಕೊಟ್ಟ ಉತ್ತರವನ್ನೇ ನಾನೂ ಹೇಳುತ್ತೇನೆ: "ಕಂಪನಿಯವರು ಬಿಟ್ಟ ತಕ್ಷಣ." ಮೊನ್ನೆ ಅದೂ ಸಾಲದೆ, "ಅದು ಕಂಪನಿನೋ ಜೈಲೋ?" ಎಂದರು. ಕೂರಿಸಿಕೊಂಡು ಒಪ್ಪಂದವನ್ನು ಬಿಡಿಸಿ ಹೇಳಿದೆ. ಜೋಡಿಯಾಗಿ ಮೂರು ಪ್ರೇಮಗೀತೆ, ಪಾಪ್ ಶೈಲಿಯಲ್ಲಿ. ಮೂರೂ ಬಿಡುಗಡೆಯಾಗುವ ತನಕ ಇಬ್ಬರೂ ಬೇರೆಲ್ಲೂ ಹಾಡುವ ಹಾಗಿಲ್ಲ, ಹಾಡು ಕಲಿಸುವ ಹಾಗೂ ಇಲ್ಲ. ಎರಡು ಬಂದವು, ಮೂರನೆಯದರಲ್ಲಿ ಸಿಕ್ಕಿಕೊಂಡೆವು.

"ಓದದೇ ಸಹಿ ಹಾಕಿದ್ರಾ?" ಎಂದರು ಅಮ್ಮ. "ಬದನೆಕಾಯಿ ತಗೊಳ್ಳೋವಾಗ್ಲೂ ತಿರುಗಿಸಿ ನೋಡ್ತೀವಲ್ಲೇ."

ಏನು ಹೇಳಲಿ? ಮದುವೆಯಾದ ಹೊಸತು, ಫೋಟೊಗೆ ಹಲ್ಲು ಕಿರಿಯುವುದರಲ್ಲೇ ಇದ್ದೆವು. ಈಗ ನೀನು ಅಲ್ಲಿ ಹೋಟೆಲಿನ ಹೂಕುಂಡಗಳ ಹಿಂದೆ ಕೂತು ಹೆಸರಿಲ್ಲದೆ ಗಿಟಾರ್ ನುಡಿಸುತ್ತೀಯ. ನಾನು ಇಲ್ಲಿ ಬಟ್ಟೆ ತೊಳೆಯುವ ಅಂಗಡಿಯಲ್ಲಿ ಚೀಟಿ ಹರಿದುಕೊಡುತ್ತೇನೆ. ಯಂತ್ರ ತಿರುಗುವ ಸದ್ದಿಗೆ ಒಮ್ಮೊಮ್ಮೆ ಬಾಯಿಗೆ ರಾಗ ಬಂದುಬಿಡುತ್ತದೆ. ಗಿರಾಕಿ ಕತ್ತೆತ್ತಿದರೆ ಕೆಮ್ಮಿ ಮುಚ್ಚಿಹಾಕುತ್ತೇನೆ. ನನ್ನ ಗಂಟಲಿನಲ್ಲಿ ನಾನೇ ಕಳ್ಳಿಯ ಹಾಗೆ ಓಡಾಡುವಂತಾಗಿದೆ. ಶಾಲೆಯವರು ಮಕ್ಕಳಿಗೆ ಹಾಡು ಕಲಿಸಲು ಕರೆದಿದ್ದರಲ್ಲ, ತಿಂಗಳ ಕೊನೆಯವರೆಗೆ ಕಾಯುತ್ತೇವೆ ಅಂದಿದ್ದರು. ಅದಕ್ಕೇ ಆ ಸಭೆಗೆ ಟೊಂಕ ಕಟ್ಟಿಕೊಂಡು ಹೋದೆ. ಸಾಕ್ಷಿಗೆ ದರ್ಜಿಯನ್ನೂ ಎಳೆದುಕೊಂಡು ಹೋದೆ.

ಕಿಟಕಿಯಿಲ್ಲದ ಕೋಣೆ, ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಸ್ಪಂಜು. ಮೇಜಿನ ಆಚೆ ಕಂಪನಿಯ ವಕೀಲರು, ಅವರ ಪಕ್ಕ ಹಾಡುಗಳ ಜಾತಿ ಹೇಳುವ ಒಬ್ಬ ಮಹಾಶಯ. ಇದು ಪಾಪ್, ಇದು ಜಾನಪದ, ಇದು ಪ್ರೇಮ, ಇದು ವಿರಹ ಎಂದು ಒಂದೊಂದನ್ನೂ ಡಬ್ಬಿಗೆ ತುಂಬಿ ಚೀಟಿ ಅಂಟಿಸುವುದೇ ಅವನ ಉದ್ಯೋಗ. ಮನಸ್ಸಿನಲ್ಲೇ ಅವನಿಗೆ ಡಬ್ಬಿಪಂಡಿತ ಎಂದು ಹೆಸರಿಟ್ಟೆ.

ಮೊದಲು ವಕೀಲರು ಶುರು ಮಾಡಿದರು. "ನೋಡಿ ಮೇಡಂ, ಮೂರನೇ ಹಾಡು ಬಿಡುಗಡೆನೇ ಆಗಿಲ್ಲ. ಬೆಳಿಗ್ಗೆ ಆ್ಯಪ್‌ಗೆ ಹಾಕಿದ್ವಿ, ಸಂಜೆ ತೆಗೆದ್ವಿ. ಅದು ಬರೀ ಟ್ರಯಲ್."

"ಬೆಳಿಗ್ಗೆ ಹುಟ್ಟಿದ ಮಗೂನ ಸಂಜೆ ವಾಪಸ್ ಒಳಗೆ ಹಾಕೋಕಾಗುತ್ತಾ ಸಾರ್?" ಎಂದೆ.

ವಕೀಲರು ನೀರು ಕುಡಿದರು. ದರ್ಜಿ ತನ್ನ ಫೋನು ತೆಗೆದು, ಅಂದೇ ಇಳಿಸಿಕೊಂಡಿದ್ದ ನಮ್ಮ ಹಾಡನ್ನು ಜೋರಾಗಿ ಹಾಕಿ, "ಬಿಡುಗಡೆ ಆಗ್ದಿದ್ರೆ ನನ್ನ ಹತ್ರ ಹೇಗೆ ಬಂತು? ನಾನೇನು ಗೋಡೆ ಹಾರಿ ತಂದ್ನಾ?" ಎಂದ. ವಕೀಲರು, "ಸರಿ, ಒಂದು ದಿನದ ಬಿಡುಗಡೆ ಅಂತ ಇಟ್ಕೊಳ್ಳೋಣ" ಎಂದರು. ನನಗೆ ಅಲ್ಲೇ ಎದ್ದು ಕುಣಿಯುವಂತಾಯಿತು. ಒಂದೇ ದಿನವಾದರೇನು, ಹಾಡಿಗೆ ಬಿಡುಗಡೆ ಸಿಕ್ಕರೆ ನಮಗೂ ಸಿಕ್ಕ ಹಾಗೆಯೇ ತಾನೆ?

ಆಗ ಡಬ್ಬಿಪಂಡಿತ ಗಂಟಲು ಸರಿಮಾಡಿಕೊಂಡ. "ಪಾಪ್ ಅಂತ ಒಪ್ತೀನಿ. ಡ್ರಮ್ ಇದೆ, ಕೀಬೋರ್ಡ್ ಇದೆ. ಆದ್ರೆ ಪ್ರೇಮ ಎಲ್ಲಿದೆ?"

ನಿನ್ನ ಪಲ್ಲವಿಯನ್ನೇ ಹೇಳಿದೆ: "ಬೀಗದ ಕೈ ನಿನ್ನ ಬಳಿಯೇ ಇರಲಿ, ನನಗೆ ದಾರಿ ಗೊತ್ತಿದೆ." ಆಮೇಲೆ, "ಇಡೀ ಮನೇನೇ ಕೈಗೆ ಕೊಟ್ಟಿದ್ದಾನೆ ಸಾರ್, ಇದಕ್ಕಿಂತ ಪ್ರೇಮ ಬೇಕಾ?" ಎಂದೆ.

"ಕೊಟ್ಟು ಎಲ್ಲಿಗೆ ಹೋಗ್ತಿದ್ದಾನೆ?"

"ಕೆಲಸಕ್ಕೆ ಹೋಗ್ತಾನೆ, ಸಂಜೆ ಬರ್ತಾನೆ."

ದರ್ಜಿ ಕಿಸಕ್ಕನೆ ನಕ್ಕ. ಪಂಡಿತ ನಗಲಿಲ್ಲ. "ಕೊನೇಲಿ ಸ್ವರ ಇಳಿಯುತ್ತೆ. ಪ್ರೇಮಗೀತೆ ಹಾಗೆ ಮುಗಿಯಲ್ಲ" ಎಂದ.

"ನನ್ನ ಮದುವೇಲಿ ನಾನೂ ತಲೆ ಇಳಿಸ್ಕೊಂಡೇ ಕೂತಿದ್ದೆ. ಹಾಗಂತ ಅದು ಶೋಕಸಭೆನಾ?"

ಹೀಗೆ ಬಹಳ ಹೊತ್ತು ಜಗ್ಗಾಡಿದೆವು. ಕೊನೆಗೆ ಅವರದೇ ಮಾತು ನಡೆಯಿತು. ಹಾಡು ಬಿಡುಗಡೆಯಾಗಿದೆ, ಆದರೆ ಪ್ರೇಮಗೀತೆಯಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ. ನಾವು ಇದ್ದಲ್ಲೇ ಇದ್ದೇವೆ. ಹೊರಗೆ ಬರಲು ಬಾಗಿಲನ್ನು ಎಷ್ಟು ತಳ್ಳಿದರೂ ಅದು ಅಲ್ಲಾಡಲಿಲ್ಲ. ಅದು ಎಳೆಯುವ ಬಾಗಿಲೆಂದು ವಕೀಲರೇ ಎದ್ದುಬಂದು ತೆಗೆದುಕೊಟ್ಟರು. ಮರುದಿನ ಶಾಲೆಗೆ ಬರುವುದಿಲ್ಲವೆಂದು ತಿಳಿಸಿದೆ. ಅವರು ಬೇರೆಯವರನ್ನು ನೋಡಿಕೊಂಡರು. ಆ ದಿನ ಅಂಗಡಿಯಲ್ಲಿ ಒಬ್ಬರ ಕೋಟು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ.

ಅಮ್ಮನಿಗೆ ಇದೇನೂ ಹೇಳಿಲ್ಲ. ಪಕ್ಕದಲ್ಲೇ ಕೂತು, "ಅಷ್ಟುದ್ದ ಏನು ಬರೀತಿದ್ದೀಯೇ? ನನ್ನ ಆಶೀರ್ವಾದ ಬರೆದ್ಯಾ?" ಎನ್ನುತ್ತಿದ್ದಾರೆ. ಇಗೋ, ಬರೆದೆ: ನೂರು ಕಾಲ ಬಾಳಬೇಕಂತೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ, ಒದ್ದೆ ತಲೆಯಲ್ಲಿ ಗಾಳಿಗೆ ಹೋಗಬಾರದಂತೆ. ನನ್ನದನ್ನೂ ಅದರೊಳಗೇ ಸೇರಿಸಿಕೋ.

ನಿನ್ನ
ಬಾಯಿಬಡುಕಿ

ತಾ.ಕ.: ಮಡಿಸಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅವರದೇ ಮಾತು ನಡೆಯಿತು ಎಂದು ಬರೆದದ್ದು ಸುಳ್ಳು. ನಡೆದದ್ದು ನಿನ್ನ ಮಾತು. ಜಗಳ ಬಗೆಹರಿಯದಿದ್ದಾಗ ವಕೀಲರು, "ಬರೆದೋರನ್ನೇ ಕೇಳ್ಬಿಡೋಣ" ಎಂದು ನಿನಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಮೇಜಿನ ಮೇಲಿಟ್ಟರು. ಮೇಜಿನ ಈಚೆ ನಾನಿದ್ದೆ. ನಾನೂ ಕೇಳುತ್ತಿದ್ದೇನೆಂದು ಅವರು ನಿನಗೆ ಹೇಳಲಿಲ್ಲ. ನಾನೂ ಉಸಿರೆತ್ತಲಿಲ್ಲ, ನೀನು "ಪ್ರೇಮಗೀತೆ" ಅನ್ನುವುದನ್ನು ಕಿವಿಯಾರೆ ಕೇಳುವ ಆಸೆ ನನಗೆ. ನೀನು ಹಾಗೆ ಹೇಳಿದರೆ ಇಬ್ಬರಿಗೂ ಒಪ್ಪಂದ ಮುಗಿಯುತ್ತದೆ ಎಂದು ವಕೀಲರು ನಿನಗೆ ಬಿಡಿಸಿಯೇ ಹೇಳಿದರು. ಅದನ್ನು ಕೇಳಿಯೂ ನೀನು, "ಇಲ್ಲ ಸಾರ್, ಅದು ವಿದಾಯದ ಹಾಡು. ಬರೆಯೋವಾಗ್ಲೇ ಹಾಗೆ ಬರೆದಿದ್ದು. ಅವಳಿಗೆ ಗೊತ್ತಾಗ್ಲಿಲ್ಲ, ನಗ್ತಾ ಹಾಡಿದ್ಲು" ಎಂದೆ.

ಅದನ್ನು ಬರೆಯುವಾಗ ನೀನು ನಮ್ಮ ಮನೆಯಲ್ಲೇ ಇದ್ದೆ. ನಾನು ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಾ ಒಂದೊಂದು ಸಾಲಿಗೂ ತಲೆದೂಗಿದ್ದೆ. ನನಗೆ ತುಂಬಾ ನೋವಾಗಿದೆ. ಸುಳ್ಳು ಹೇಳಲು ಬಾರದವನೆಂದು ಮೆಚ್ಚಿ ಮದುವೆಯಾದವಳಿಗೆ ಈಗ ಬೈಯಲೂ ಬಾಯಿಲ್ಲ.

ಹೊರಡುವಾಗ ವಕೀಲರು ನೆನಪಿಸಿದರು. ನಾವಿಬ್ಬರೂ ಜೋಡಿಯಾಗಿ ಇನ್ನೊಂದು ಪ್ರೇಮಗೀತೆ ಹಾಡಲೇಬೇಕಂತೆ, ಅಲ್ಲಿಯವರೆಗೆ ಇಬ್ಬರಿಗೂ ಬಿಡುಗಡೆಯಿಲ್ಲವಂತೆ. ಹಾಡುವುದನ್ನು ನಾನು ಹೇಗೋ ಹಾಡುತ್ತೇನೆ. ಬರೆಯಲು ನಿನ್ನಲ್ಲಿ ಏನಾದರೂ ಉಳಿದಿದ್ದರೆ ತಿಳಿಸು.