ಅಲುಗದೆ ನಿಂತದ್ದಕ್ಕೆ

ಜನವರಿ 5, 1954. ಸಿದ್ದಾಪುರ

ಇವತ್ತಿನ ಹಾಳೆ: ಚಹಾದಂಗಡಿಯ ಬೆಂಚು, ಅದರ ಮೇಲೊಂದು ನಾಯಿ. ಚಿತ್ರದಲ್ಲಿ ನಾಯಿ ಬಂತು, ಬೆಂಚು ಸರಿಬರಲಿಲ್ಲ. ಇರಲಿ. ದಿನಕ್ಕೊಂದು ಹಾಳೆ ತುಂಬಲೇಬೇಕು, ಕೆಟ್ಟದ್ದಾದರೂ ಸರಿ. ಬೋರ್ಡು ಬರೆಯುವುದು ಹೊಟ್ಟೆಗೆ. ಇದು ಕೈಗೆ. ಕೈ ಸತ್ತರೆ ನಾನು ಬರೀ ಬಣ್ಣ ಬಳಿಯುವವ.

ನಾಳೆಯಿಂದ ದೇರಪ್ಪನವರ ಎಸ್ಟೇಟಿನಲ್ಲಿ ಕೆಲಸ. ಗೇಟಿಗೆ ಬೋರ್ಡು, ಆಮೇಲೆ ಅವರ ಹೊಸ ಕಾಫಿಪುಡಿ ಡಬ್ಬಕ್ಕೊಂದು ಚಿತ್ರ. ಹಣ್ಣು ಕುಯ್ಯುವ ಹೆಂಗಸು ಬೇಕಂತೆ. ಮೈತುಂಬ ಒಡವೆಯಂತೆ. ನಗುತ್ತಿರಬೇಕಂತೆ. ಯಾರು ನಗುತ್ತಾರೋ ನೋಡೋಣ.

ಜನವರಿ 7

ತೋಟದಲ್ಲಿ ಪಿಕಿಂಗ್ ಜೋರು, ಹಣ್ಣು ಕುಯ್ಯುವ ಕಾಲ. ಹೆಂಗಸರ ಕೈ ನಿಲ್ಲುವುದೇ ಇಲ್ಲ. ಒಂದು ಗೆರೆ ಎಳೆಯುವಷ್ಟರಲ್ಲಿ ಬೇರೆ ಕೊಂಬೆ. ಲಿಂಗಮ್ಮ ಅಂತ ಒಬ್ಬಾಕೆ, ಹಾಸನದ ಕಡೆಯವಳು. ಕೊಂಬೆ ಬಗ್ಗಿಸಿ ಹಿಡಿದಿದ್ದ ಆ ತೋಳು... ಒಂದು ಗಳಿಗೆ ಹಾಗೇ ಇರು ತಾಯಿ ಅಂದೆ. ಇದ್ದಳು. ಇನ್ನೊಂದು ಗಳಿಗೆ ಅಂದೆ. ಇದ್ದಳು.

ಸಿಕ್ಕಿತು. ಇಷ್ಟು ವರ್ಷದಲ್ಲಿ ಇಂಥ ಹಾಳೆ ಬಂದಿರಲಿಲ್ಲ. ಸಿಳ್ಳೆ ಹಾಕಿಕೊಂಡು ರೂಮಿಗೆ ಬಂದೆ.

ಜನವರಿ 8

ಥೂ, ನನ್ನ ಸಿಳ್ಳೆಗಿಷ್ಟು.

ಎಸ್ಟೇಟಿನಲ್ಲಿ ಹಾಜರಿ ಪುಸ್ತಕ ಬರೆಯುವ ರೈಟರ್ ನಾಣಯ್ಯ ನಿನ್ನೆ ದೂರದಿಂದ ನೋಡಿದ್ದಾನೆ. ಕೆಲಸದ ಹೊತ್ತಿನಲ್ಲಿ ಸುಮ್ಮನೆ ನಿಂತಿದ್ದಳು ಅಂತ ಲಿಂಗಮ್ಮನನ್ನು ತೆಗೆದುಹಾಕಿದ. ಸಂಕ್ರಾಂತಿಗೆ ಮೊದಲು ಕೂಲಿಯವರ ಲೈನಿನ ಮನೆ ಖಾಲಿಯಾಗಬೇಕಂತೆ. ಎರಡು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾಳೆ? ನಿಲ್ಲಿಸಿದವನು ನಾನು ಅಂದೆ. ನಿಮ್ಮ ಕಾಂಟ್ರಾಕ್ಟೇ ಬೇರೆ ಅಂದ. ದಿನವಿಡೀ ಬಾಗುವ ಬೆನ್ನು ಇವರ ಕಣ್ಣಿಗೆ ಬೀಳುವುದಿಲ್ಲ. ಒಂದು ಗಳಿಗೆ ನೆಟ್ಟಗೆ ನಿಂತರೆ ಬೀಳುತ್ತದೆ.

ಲೈನಿಗೆ ಹೋದೆ. ಪಾತ್ರೆ ಕಟ್ಟುತ್ತಿದ್ದಳು. ಬೈಯಲಿಲ್ಲ. ಚಿತ್ರ ತೋರಿಸಿ ಅಂದಳು. ನೋಡಿದಳು.

"ತೋಳು ನಂದೇ. ಇದಕ್ಕೇನಣ್ಣ ನನ್ ಮನೆ ಹೋಗಿದ್ದು?"

ಜನವರಿ 11

ಹಾಳೆ ಖಾಲಿ. ನಿನ್ನೆಯೂ ಖಾಲಿ. ಪೆನ್ಸಿಲ್ ಮುಟ್ಟಲು ನಾಚಿಕೆ.

ದೇರಪ್ಪನವರ ಬಂಗಲೆಗೆ ಹೋದೆ. ಡಬ್ಬಕ್ಕೆ ಲಿಂಗಮ್ಮನನ್ನೇ ಬರೆಯುತ್ತೇನೆ, ಅವಳನ್ನು ವಾಪಸು ತೆಗೆದುಕೊಳ್ಳಿ ಅಂದೆ. ಅವರಿಗೂ ಶುಕ್ರವಾರ ಚಿತ್ರ ಪ್ರೆಸ್ಸಿಗೆ ಹೋಗಬೇಕು, ನನ್ನನ್ನು ಬಿಟ್ಟರೆ ಬೇರೆ ಆರ್ಟಿಸ್ಟ್ ಇಲ್ಲ. ಅವಳನ್ನು ಜಗಲಿಯಲ್ಲಿ ಕೂರಿಸಿ ಬರಿ ಅಂದರು. ಒಡವೆ ಅವರ ಹೆಂಡತಿ ಪೊನ್ನಮ್ಮ ಕೊಡುತ್ತಾರಂತೆ. ಕೆಲಸದ ಮಾತಿಗೆ, "ಮೊದ್ಲು ಚಿತ್ರ ಮುಗೀಲಿ, ನೋಡುವ."

ಈ ‘ನೋಡುವ’ ನನಗೆ ಚೆನ್ನಾಗಿ ಗೊತ್ತು. ಚಿತ್ರ ಮುಗಿದ ಮೇಲೆ ಯಾರೂ ನೋಡುವುದಿಲ್ಲ.

ಲಿಂಗಮ್ಮನಿಗೆ ಹೇಳುವಾಗ ಮುಖ ಎತ್ತಲಾಗಲಿಲ್ಲ. ಸುಳ್ಳು ನಗು, ಯಾರದೋ ಒಡವೆ. ಅವಳು ಕಟ್ಟುತ್ತಿದ್ದ ಗಂಟು ಪಕ್ಕಕ್ಕಿಟ್ಟಳು.

"ನಗಾಕೆ ಬತ್ತದೆ ಕಣಣ್ಣ. ನೀವು ಮಾತ್ರ ಮುಗಿಸ್ಬೇಡಿ."

ಜನವರಿ 12, ಬೆಳಿಗ್ಗೆ ಹತ್ತು

ಹಾಳೆಯ ಅಂಚಿನಲ್ಲೇ ಬರೆಯುತ್ತಿದ್ದೇನೆ. ಜಗಲಿ. ಲಿಂಗಮ್ಮ ಕುರ್ಚಿಯಲ್ಲಿ. ದೇರಪ್ಪನವರು ಇಣುಕಿದಾಗಲೆಲ್ಲ ಚಿತ್ರದ ಮೂಗು ಅಳಿಸುತ್ತೇನೆ. ಸರಿಬರಲಿಲ್ಲ ಸ್ವಾಮಿ, ಇನ್ನೊಂದು ಸಲ.

ಅದೇ ದಿನ, ಹನ್ನೊಂದೂವರೆ

ತೋಟದಿಂದ ಸಿದ್ದಮ್ಮ ಬಂದಳು, ಸೊಂಟದ ಚೀಲದ ಸಮೇತ. ಲಿಂಗಮ್ಮನ ಪಕ್ಕದ ಸಾಲಿನಲ್ಲಿ ಕುಯ್ಯುವವಳು. ನಂದೂ ಒಂದು ಬರೀರಿ ಅಂತ ಅಂಗಳದಲ್ಲಿ ಕೂತಳು. ಅವಳ ಹಿಂದೆ ಇನ್ನಿಬ್ಬರು. ಈಗ ಅಂಗಳ ತುಂಬ ಹೆಂಗಸರು. ಯಾರೂ ಅಲುಗುವುದಿಲ್ಲ. ಮಾತಿಲ್ಲ, ಘೋಷಣೆ ಇಲ್ಲ. ತೋಟದಲ್ಲಿ ಕುಯ್ಯುವವರಿಲ್ಲದೆ ಹಣ್ಣು ಉದುರುತ್ತಿದೆ. ನಾಣಯ್ಯ ಗೇಟಿಗೂ ಜಗಲಿಗೂ ಓಡಾಡುತ್ತಿದ್ದಾನೆ.

"ಏನಯ್ಯಾ ಆರ್ಟಿಸ್ಟೇ ಇದು?" ಅಂದರು ದೇರಪ್ಪನವರು.

"ಸರದಿ ಸ್ವಾಮಿ."

ಲಿಂಗಮ್ಮನ ಕಡೆ ತಿರುಗಿದರು. ಏನು ಬೇಕು ನಿನಗೆ ಅಂತ ಕೇಳಿದರು.

"ರೈಟ್ರು ನನ್ ಹೆಸ್ರು ಕರೀಲಿ. ಹಾಜರಿಗೆ ಕರ್ದಂಗೆ. ಎಲ್ರ ಮುಂದೆ."

ದೇರಪ್ಪನವರು ತೋಟದ ಕಡೆ ನೋಡಿದರು. ಆಮೇಲೆ ನಾಣಯ್ಯನ ಕಡೆ. ನಾಣಯ್ಯ ಹಾಜರಿ ಪುಸ್ತಕ ಬಿಚ್ಚಿ, ಅವಳ ಹೆಸರು ಮತ್ತೆ ಬರೆದು, ಮೆಲ್ಲಗೆ ಕರೆದ. ಕೇಳ್ಸಲಿಲ್ಲ ಅಂದಳು ಸಿದ್ದಮ್ಮ. ಮತ್ತೆ ಕರೆದ, ಗೇಟಿನವರೆಗೂ ಕೇಳುವ ಹಾಗೆ.

ಲಿಂಗಮ್ಮ ನಕ್ಕಳು. ಈಗ. ಯಾರೂ ಹೇಳದೆ. ಹೊಸ ಹಾಳೆ... ಬಾಯಿಯ ಎಡಮೂಲೆಯಿಂದ ಶುರು, ಆಮೇಲೆ ಕೆನ್ನೆ —