ರೆಸಾರ್ಟಿನ ಒಂದೇ ದಾರಿ

ಸತ್ತಿ ಗ್ರಾಮ,
ಭಾನುವಾರ ಮುಂಜಾನೆ

ಬೈಕ್ ರ‍್ಯಾಲಿಯ ಮುಖಂಡರಾದ ವಿಶಾಲ ಅವರಿಗೆ, ಕುರಿ ಕಾಯುವ ಮಲಕಾರಿಯ ನಮಸ್ಕಾರ.

ಹೊಳೆದಂಡೆಯ ರೆಸಾರ್ಟಿನಲ್ಲಿ ನಿದ್ದೆ ಚೆನ್ನಾಗಿ ಬಂತೆಂದು ಭಾವಿಸುತ್ತೇನೆ. ಹೋದ ವರ್ಷ ನೀವು ಬಂದಾಗ ನಿಮ್ಮ ಹಾರನ್ನಿಗೆ ಬೆದರಿ ನನ್ನ ಕುರಿಗಳು ಹೊಳೆಗೆ ಬಿದ್ದವು. ತಡೆಯಲು ಓಡಿದ ನನ್ನ ಹೆಂಡತಿ ಕೆಂಪವ್ವನ ಕಾಲಿನ ಮೇಲೆ ನಿಮ್ಮ ಬೈಕು ಹಾಯಿತು. "ಕುರಿ ಬಾಜೂ ತಗೀಲೇ!" ಎಂದು ನನ್ನನ್ನು ಬೈದು, ನಿಲ್ಲದೆ ಹೋದಿರಿ. ಅವಳು ಈಗ ಹಿಂಡಿನ ಹಿಂದೆ ನಡೆಯಲಾರಳು.

ಇವತ್ತು ನೀವು ಹೊರಡುವ ದಿನವೆಂದು ತಿಳಿದು, ಐನಾಪುರದ ಕುರಿಗಾರರನ್ನೂ ಕರೆಸಿದ್ದೇನೆ. ರೆಸಾರ್ಟಿನಿಂದ ಹೊರಹೋಗುವ ಒಂದೇ ದಾರಿಯಲ್ಲಿ ಮೂರು ಸಾವಿರ ಕುರಿಗಳು ಮಲಗಿವೆ. ಎರಡೂ ಬದಿಗೆ ಕಬ್ಬು ಬೆಳೆದು ನಿಂತಿದೆ. ಸಂಜೆಯವರೆಗೆ ಎಬ್ಬಿಸುವ ಅವಸರ ನಮಗಿಲ್ಲ. ಅಲ್ಲಿ ನೆರಳಿಲ್ಲ; ಕುಡಿಯುವ ನೀರು ತುಂಬಿಸಿಕೊಂಡು ಬನ್ನಿ.

ಇನ್ನೊಂದು ವಿನಂತಿ. ಹಿಂಡಿನ ಈಚೆ, ರೆಸಾರ್ಟಿನ ಕಡೆಗೆ, ಚಕ್ಕಡಿ ಗಾಡಿಯಲ್ಲಿ ಕೆಂಪವ್ವ ಕುಳಿತಿದ್ದಾಳೆ. "ಆ ಮನಷ್ಯಾನ ಮಾರಿ ನಾ ನೋಡೇ ಇಲ್ಲ. ಇವತ್ತ ಹೊತ್ತ ಮುಳಗೂತನಾ ನೋಡ್ತೀನಿ," ಅನ್ನುತ್ತಾಳೆ. ಅವಳೆದುರು ನಿಂತಾಗ ಹೆಲ್ಮೆಟ್ ತೆಗೆಯಿರಿ.

ಇಂತಿ,
ದಾರಿಯಲ್ಲೇ ಇರುವ
ಮಲಕಾರಿ