ಹದಿನಾಲ್ಕು ಇಂಚು ಒಂದು ನೂಲು

ಬಿ.ಟಿ.ಎಂ. ಬಡಾವಣೆ, ಬೆಂಗಳೂರು
24 ಮೇ 2002

ಪ್ರೀತಿಯ ಅಪ್ಪಾ,

ನಿನ್ನ ಕೆಮ್ಮು ಹೇಗಿದೆ? ಮರದ ಹೊಟ್ಟು ಹಾರುವಾಗ ಮೂಗಿಗೆ ನೀನಾಗಿ ವಸ್ತ್ರ ಕಟ್ಟಿಕೊಳ್ಳುತ್ತೀಯೋ, ಅವ್ವ ಬೈದ ಮೇಲೆಯೋ? ನನಗೇನೂ ಆಗಿಲ್ಲ, ದಣಿವು ಅಷ್ಟೇ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದಿನವಿಡೀ ನಿಂತು ಕಾಲರ್ ಅಳೆದು, ಬಸ್ಸಿನಲ್ಲೂ ನಿಂತೇ ಮನೆಗೆ ಬರುತ್ತೇನೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಉಳಿದಿದ್ದ ಗಣಿತ ಒಂದನ್ನೇ ಕಟ್ಟಿದ್ದೆ, ಅದೂ ಹೋಯಿತು. ಮೂವತ್ತಮೂರು ಅಂಕ, ಇನ್ನೆರಡು ಬಂದಿದ್ದರೆ ಪಾಸು. ಪಾಸಾದರೆ ಸೂಪರ್‌ವೈಸರ್ ಮಾಡುತ್ತೇವೆಂದಿದ್ದರು. ಆಗ ನಿಮ್ಮ ಹತ್ತಿರ ಬಿಟ್ಟಿರುವ ನನ್ನ ಕೂಸು ಉಮಿಯನ್ನು ಕರೆತಂದು ಇಲ್ಲೇ ಶಾಲೆಗೆ ಹಾಕಬೇಕೆಂದು ಮೂರು ವರ್ಷದಿಂದ ಕಾಯುತ್ತಿದ್ದೇನೆ. ನಗಬೇಡ ಅಪ್ಪಾ, ಆ ಎರಡು ಅಂಕ ಹೋಗಿದ್ದು ನಿನ್ನಿಂದ. ಎರಡರ ವರ್ಗಮೂಲ ಭಾಗಲಬ್ಧ ಸಂಖ್ಯೆಯೇ, ಕಾರಣ ಕೊಡಿ ಎಂದು ಕೇಳಿದ್ದರು. ಎರಡು ಪೂರ್ಣ ಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯಲು ಬಂದರೆ ಭಾಗಲಬ್ಧ, ಇಷ್ಟು ಗೊತ್ತಿತ್ತು. ಚೌಕದ ಬದಿ ಒಂದಾದರೆ ಮೂಲೆಯಿಂದ ಮೂಲೆಗಿರುವ ಗೆರೆಯೇ ಎರಡರ ವರ್ಗಮೂಲ ಎಂದೂ ಗೊತ್ತಿತ್ತು. ಬಡಗಿಯ ಮಗಳಿಗೆ ಆ ಗೆರೆಯ ಅಳತೆ ಹೇಳಿಕೊಡಬೇಕೇ? "ಹತ್ತಿಂಚಿನ ಚೌಕಕ್ಕ ಮೂಲಿಯಿಂದ ಮೂಲಿಗೆ ಹದಿನಾಕಿಂಚು ಒಂದು ನೂಲು, ಕಣ್ಣು ಮುಚ್ಚಿ ಬರಕೋ" ಎನ್ನುತ್ತಿದ್ದೆಯಲ್ಲ, ಹಾಗೇ ಬರೆದೆ. ಇಂಚಿಗೆ ಎಂಟು ನೂಲು. ಬದಿಗೆ ಎಂಬತ್ತು, ಗೆರೆಗೆ ನೂರ ಹದಿಮೂರು. ನೂರ ಹದಿಮೂರು ಬೈ ಎಂಬತ್ತು, ಆದ್ದರಿಂದ ಭಾಗಲಬ್ಧ ಎಂದು ಅಡಿಗೆರೆ ಬೇರೆ ಎಳೆದೆ.

ಟ್ಯೂಷನ್ ಹೇಳುವ ಜೆ.ಪಿ. ನಗರದ ಕಮಲಾದೇವಿ ಮೇಡಂ ಕೇಳಿ ನಕ್ಕುಬಿಟ್ಟರು. "ನಿಮ್ಮಪ್ಪನ ಬಾಗಿಲಿಗೆ ಅಷ್ಟು ಸಾಕು ಜಯಾ, ಗಣಿತಕ್ಕೆ ಸಾಕಾಗಲ್ಲ ಕಣಮ್ಮ. ಅದನ್ನ ಅದರಿಂದಲೇ ಗುಣಿಸಿ ನೋಡು, ಎರಡು ಬರಲ್ಲ" ಎಂದರು. ಬರಲಿಲ್ಲ, ತುಸು ಕಡಿಮೆಯಾಯಿತು. ತೊಂಬತ್ತೊಂಬತ್ತು ಬೈ ಎಪ್ಪತ್ತು ಹಾಕಿದೆ, ಕೂದಲೆಳೆಯಷ್ಟು ಹೆಚ್ಚಾಯಿತು. ಭಾನುವಾರವೆಲ್ಲ ಅದೇ ಕೆಲಸ. ನೂಲನ್ನು ಎಷ್ಟು ಸಣ್ಣ ಮಾಡಿದರೂ ಯಾವ ಭಿನ್ನರಾಶಿಯೂ ಸರಿಹೊಂದುವುದಿಲ್ಲವಂತೆ, ಅದಕ್ಕೇ ಅದು ಅಭಾಗಲಬ್ಧ. ಗೆರೆಯೇನೋ ಕಣ್ಣೆದುರಿಗೇ ಇದೆ! ಸಾಕಾಗಿ ಅತ್ತುಬಿಟ್ಟೆ ಅಪ್ಪಾ. ಈಗ ಅರ್ಥವಾಗಿದೆ, ಅರ್ಥವಾಗಿ ಏನು ಬಂತು? ಸೋತು ಸುಣ್ಣವಾಗಿದ್ದೇನೆ.

ಅವ್ವನ ಪಾದಕ್ಕೆ ನಮಸ್ಕಾರ. ಉಮಿಗೆ ಮುತ್ತು.

ನಿನ್ನ ಮಗಳು,
ಜಯಾ

ತಾ.ಕ.: ಪಾಸಾದ ಮೇಲೆ ಕರೆಸಿಕೊಳ್ಳುತ್ತೇನೆಂದು ಉಮಿಗೆ ಪ್ರತಿ ಪತ್ರದಲ್ಲೂ ಬರೆದೆ. ಇನ್ನು ಬರೆಯಲಾರೆ. ನಾನು ಪಾಸಾಗುವುದು ಯಾವಾಗಲೋ, ಅವಳಿಗೆ ಆಗಲೇ ಒಂಬತ್ತು ತುಂಬಿತು. ಶಾಲೆಯಿಂದ ಟಿ.ಸಿ. ತೆಗೆಸಿ, ಬರುವ ಶುಕ್ರವಾರದ ಬಸ್ಸಿಗೆ ನೀನೇ ಕರೆದುಕೊಂಡು ಬಾ. ಇಲ್ಲಿರುವುದು ಒಂದೇ ಕೋಣೆ, ನನ್ನ ಸಂಬಳವೂ ಇಷ್ಟೇ. ಇದ್ದುದರಲ್ಲೇ ಇಬ್ಬರೂ ಇರುತ್ತೇವೆ.